ಮಗಳಿಗೊಂದು ಪತ್ರ: ಐವತ್ತು ವರ್ಷದ ಲೆಕ್ಕ

ಪುಟ್ಟಿ,

ಭಾನುವಾರ ನೀನು ಫೋನ್‌ನಲ್ಲಿ "ಅಮ್ಮಾ, ತೂಕ ಇಳಿಸೋಕೆ ಸ್ಲೀವ್ ಆಪರೇಷನ್ ಮಾಡಿಸ್ಕೊಳ್ತೀನಿ, ಡೇಟ್ ಕೊಟ್ಟಿದ್ದಾರೆ" ಅಂದಾಗ ನಾನು "ಆಮೇಲೆ ಮಾತಾಡೋಣ" ಅಂತ ಇಟ್ಟುಬಿಟ್ಟೆ. ನಿನಗೆ ಬೇಜಾರಾಗಿರುತ್ತೆ. ಅಮ್ಮ ಬೇಡ ಅಂತಾಳೆ ಅಂದುಕೊಂಡಿರುತ್ತೀಯ. ನಿಜವಾಗಿ ಆಗ ನನ್ನ ಬಾಯಲ್ಲಿ ಬೇಡ ಅನ್ನೋದೂ ಬರಲಿಲ್ಲ, ಸರಿ ಅನ್ನೋದೂ ಬರಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಯೋಚಿಸಿದ್ದೇನೆ. ಫೋನ್‌ನಲ್ಲಿ ಹೇಳಲು ಹೋದರೆ ಇಬ್ಬರೂ ಅಳುತ್ತೇವೆ, ಇಲ್ಲವೇ ಜಗಳ ಆಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪೂರ್ತಿ ಓದು.

ಮೊದಲು ಒಂದು ಮಾತು. ನೀನು ಹೈಸ್ಕೂಲಿನಲ್ಲಿದ್ದಾಗ ಮೂರನೇ ದೋಸೆಗೆ ತಟ್ಟೆ ಹಿಡಿದೆ, ನಾನು ಕಾವಲಿ ಇಳಿಸಿಬಿಟ್ಟೆ. ನೀನು ಏನೂ ಹೇಳದೆ ತಟ್ಟೆ ತೊಳೆದಿಟ್ಟು ಒಳಗೆ ಹೋದೆ. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂವತ್ತು ವರ್ಷ ಆಸ್ಪತ್ರೆ ವಾರ್ಡಿನಲ್ಲಿ ನರ್ಸ್ ಕೆಲಸ ಮಾಡಿದವಳು ನಾನು. ಪಿಸಿಓಡಿ, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ, ಇರುವ ಹುಡುಗಿಯರಿಗೆ ತೂಕ ಇಳಿಸೋದು ಎಷ್ಟು ಕಷ್ಟ ಅಂತ ಬೇರೆಯವರ ಮಕ್ಕಳಿಗೆ ಸಮಾಧಾನ ಹೇಳಿ ಕಳಿಸುತ್ತಿದ್ದೆ, ಮನೆಗೆ ಬಂದು ನನ್ನ ಮಗಳಿಗೆ ಮಾತ್ರ "ಬಾಯಿ ಕಟ್ಟು" ಅನ್ನುತ್ತಿದ್ದೆ. ತಪ್ಪು ನನ್ನದು ಕಣೇ. ಕ್ಷಮಿಸು. ಈ ಆಪರೇಷನ್ ಯೋಚನೆಯಲ್ಲಿ ನನ್ನ ಆ ಮಾತುಗಳ ಪಾಲು ಎಷ್ಟಿದೆಯೋ ಅನ್ನೋದೇ ನನ್ನ ನಿದ್ದೆ ಕೆಡಿಸಿದ್ದು.

ಆಪರೇಷನ್ ಟೇಬಲ್ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಪಕ್ಕದ ಮನೆಯವರು ವಿಷಯ ತಿಳಿದ ಕೂಡಲೇ 2022ರ ಮೇ ತಿಂಗಳ ಆ ಸುದ್ದಿ ಎತ್ತಿದರು, ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋಗಿ ತೀರಿಕೊಂಡ ಆ ಕಿರುತೆರೆ ನಟಿಯದು. 21 ವರ್ಷ ಆ ಮಗುವಿಗೆ. ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತೆ. ಆದರೆ ಅದು ಚರ್ಮದ ಕೆಳಗಿನ ಕೊಬ್ಬು ತೆಗೆಯುವ ಚಿಕಿತ್ಸೆ, ನಿನ್ನದು ಹೊಟ್ಟೆಯೊಳಗಿನ ಜಠರದ ಆಪರೇಷನ್. ಎರಡನ್ನೂ ಒಂದೇ ಅಂತ ಹೇಳಿ ನಿನ್ನನ್ನು ಹೆದರಿಸೋಕೆ ನಾನು ಒಪ್ಪಲ್ಲ. ಅನುಭವ ಇರುವ ಕೈಯಲ್ಲಿ, ಒಳ್ಳೆ ಐಸಿಯು ಇರುವ ಕಡೆ, ಇದರಲ್ಲಿ ಪ್ರಾಣಕ್ಕೆ ಅಪಾಯ ಆಗೋದು ಸಾವಿರಕ್ಕೆ ಒಬ್ಬರಿಗೋ ಇಬ್ಬರಿಗೋ. ಪಿತ್ತಕೋಶ ತೆಗೆಸುವಾಗ ಇರುವಷ್ಟೇ ಅಂತ ಇಟ್ಟುಕೋ. ನನ್ನ ಚಿಂತೆ ಇರೋದು ಡಿಸ್ಚಾರ್ಜ್ ಆದ ಮೇಲಿನದು. ನಿನಗೆ ಈಗ 28. ದೇವರು ಆಯಸ್ಸು ಕೊಟ್ಟರೆ ಇನ್ನು ಐವತ್ತು ವರ್ಷ ಆ ಹೊಟ್ಟೆ ಇಟ್ಟುಕೊಂಡೇ ಬದುಕಬೇಕು.

ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯೋದು ಬಾಳೆಕಾಯಿಯಂಥ ಒಂದು ಕೊಳವೆ. ತೆಗೆದದ್ದನ್ನು ವಾಪಸ್ ಹಾಕೋಕೆ ಆಗಲ್ಲ. ಹಸಿವು ಹುಟ್ಟಿಸುವ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೂ ಅದರ ಜೊತೆಗೇ ಹೋಗುತ್ತೆ, ಅದಕ್ಕೇ ಮೊದಲ ವರ್ಷ ಹಸಿವು ತುಂಬ ಕಡಿಮೆ. ಈ ಸ್ಲೀವ್ ಮೊದಲು ಇನ್ನೊಂದು ದೊಡ್ಡ ಆಪರೇಷನ್ನಿನ ಒಂದು ಭಾಗವಾಗಿತ್ತು. ಇದೊಂದನ್ನೇ ಮಾಡಿ ಬಿಡುವ ಪದ್ಧತಿ ಎಲ್ಲ ಕಡೆ ಹರಡಿದ್ದು 2000ದ ಈಚೆಗೆ. ಅಂದರೆ ವಯಸ್ಸಿನಲ್ಲಿ ನಿನಗಿಂತ ಚಿಕ್ಕದು ಪುಟ್ಟಿ. 28ರಲ್ಲಿ ಮಾಡಿಸಿಕೊಂಡು 78 ಮುಟ್ಟಿದವರು ಇನ್ನೂ ಯಾರೂ ಇಲ್ಲ, ಅವರನ್ನು ಕರೆದು ಕೇಳೋಣ ಅಂದರೆ ಆಗಲ್ಲ. ನನ್ನನ್ನು ಕಾಡುತ್ತಿರುವುದು ಇದೇ.

ತುಂಬ ವರ್ಷ ಹಿಂಬಾಲಿಸಿದ ಲೆಕ್ಕ ಸ್ವೀಡನ್ನಿನದು. 1987ರಲ್ಲಿ ಶುರು ಮಾಡಿದರು, ಆಪರೇಷನ್ ಆದ ಸುಮಾರು 2,000 ಜನ, ಆಗದ ಅಷ್ಟೇ ಜನ. 2020ರಲ್ಲಿ ಬಂದ ವರದಿಯಲ್ಲಿ, ಆಪರೇಷನ್ ಆದವರು ಆಗದ ದಪ್ಪ ಮೈಯವರಿಗಿಂತ ಸುಮಾರು 3 ವರ್ಷ ಜಾಸ್ತಿ ಬದುಕುತ್ತಾರೆ ಅಂತ ಬಂತು. ಆದರೂ ಸಾಮಾನ್ಯ ಜನರಿಗಿಂತ ಐದೂವರೆ ವರ್ಷ ಕಡಿಮೆಯೇ. ಅವರೆಲ್ಲ ಸೇರಿಕೊಂಡಾಗ 37ರಿಂದ 60 ವಯಸ್ಸಿನವರು, ಹೆಚ್ಚಿನವರಿಗೆ ಮಾಡಿದ್ದು ಈಗ ಬಹುತೇಕ ಯಾರೂ ಮಾಡದ ಹಳೇ ಬಗೆಯ ಆಪರೇಷನ್. ಮೂರು ವರ್ಷ ಸಣ್ಣದಲ್ಲ, ಅದನ್ನು ನಾನು ತಳ್ಳಿಹಾಕಲ್ಲ. ಆದರೆ ಅದು ನಿನ್ನದೇ ಲೆಕ್ಕ ಅಲ್ಲ ಅಂತ ತಿಳಿದಿರಲಿ.

ನಮ್ಮ ಕಣ್ಣೆದುರಿಗೆ ಇರುವುದು ಚಿಕ್ಕಿ. ಅವಳದು ಸ್ಲೀವ್ ಅಲ್ಲ, ಬೈಪಾಸ್. ಹೃದಯದ್ದಲ್ಲ, ಜಠರದ ಮೇಲ್ಭಾಗವನ್ನು ಪುಟ್ಟ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವುದು. ಒಂಬತ್ತು ವರ್ಷ ಆಯ್ತು. 118 ಕಿಲೋ ಇದ್ದಳು, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಆಪರೇಷನ್ ಆಗಿ ಎರಡು ತಿಂಗಳಿಗೆ ಇನ್ಸುಲಿನ್ ಬಿಟ್ಟಳು. 76ಕ್ಕೆ ಇಳಿದು, ಮತ್ತೆ ನಿಧಾನಕ್ಕೆ ಏರಿ ಈಗ 84ರಲ್ಲಿ ನಿಂತಿದ್ದಾಳೆ. ಕೇಳಿದರೆ "ಮತ್ತೆ ಆ ದಿನ ಬಂದರೂ ಮಾಡಿಸ್ಕೊಳ್ತೀನಿ ಅಕ್ಕಾ" ಅಂತಾಳೆ. ಅದನ್ನು ನಿನ್ನಿಂದ ಮುಚ್ಚಿಡಲ್ಲ.

ಆದರೆ ಅವಳು ನಿನಗೆ ತೋರಿಸದ್ದನ್ನು ನಾನು ನೋಡಿದ್ದೇನೆ. ಸಾಗರದ ಮದುವೆಯಲ್ಲಿ ಯಾರೋ ಒತ್ತಾಯ ಮಾಡಿ ಎರಡು ಜಿಲೇಬಿ ಬಡಿಸಿದರು, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ತಿಂದಳು. ಕಾಲು ಗಂಟೆ ಆಗಿರಲಿಲ್ಲ, ನನ್ನ ಸೆರಗು ಜಗ್ಗಿದಳು. ಛತ್ರದ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಜಮಖಾನದ ಮೇಲೆ ಮಲಗಿಸಿದೆ. ಕೈ ತಣ್ಣಗೆ, ಒದ್ದೆ. ನಾಡಿ 130 ದಾಟಿತ್ತು. ರವಿಕೆಯೆಲ್ಲ ಬೆವರಿಗೆ ನೆನೆದು ಹೋಗಿತ್ತು. ಇದಕ್ಕೆ ಡಂಪಿಂಗ್ ಅಂತಾರೆ, ಸಿಹಿ ನೇರ ಕರುಳಿಗೆ ಇಳಿದಾಗ ಆಗೋದು. ಅರ್ಧ ಗಂಟೆಯಲ್ಲಿ ಸರಿ ಹೋದಳು, ಹೊರಗೆ ಬಂದು ನಗುತ್ತಾ ತಾಂಬೂಲ ತೆಗೆದುಕೊಂಡಳು. ಯಾರಿಗೂ ಗೊತ್ತಾಗಲಿಲ್ಲ. ಅವಳ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಚೀಟಿ ಇದೆ, "ಬೈಪಾಸ್ ಆಗಿದೆ, ನೋವಿನ ಮಾತ್ರೆ ಕೊಡಬೇಡಿ" ಅಂತ ದೊಡ್ಡ ಅಕ್ಷರದಲ್ಲಿ ಬರೆದದ್ದು. ಯಾಕಂದರೆ ಮಂಡಿ ನೋವು ಅಂತ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೊಡುವ ಡೈಕ್ಲೋಫೆನಾಕ್ ಅವಳಿಗೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡಬಹುದು.

ಇನ್ನು ಮಾತ್ರೆ. ಬೆಳಿಗ್ಗೆ ಕಬ್ಬಿಣದ್ದು, ಅದಾದ ಎರಡು ಗಂಟೆ ಬಿಟ್ಟು ಕ್ಯಾಲ್ಸಿಯಂ, ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತಲ್ಲ. ಕಾಫಿ ಜೊತೆಗೂ ಬೇಡ. ಆಮೇಲೆ ಮಲ್ಟಿವಿಟಮಿನ್, ವಿಟಮಿನ್ ಡಿ, ಬಿ12. ಇಷ್ಟು ಮಾಡಿಯೂ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದು ಎರಡು ಸಲ ಕಬ್ಬಿಣದ ಡ್ರಿಪ್ಸ್ ಹಾಕಿಸಿಕೊಂಡಿದ್ದಾಳೆ. ಇದು ಒಂದು ವರ್ಷದ ಪಥ್ಯ ಅಲ್ಲ, ಇರುವ ತನಕ. ಸ್ಲೀವ್‌ನಲ್ಲಿ ಸ್ವಲ್ಪ ಕಡಿಮೆ ಅಂತಾರೆ, ಆದರೆ ಮಾತ್ರೆ ಅದಕ್ಕೂ ತಪ್ಪಲ್ಲ. ನಮ್ಮದು ಮೊಟ್ಟೆ ಕೂಡ ಇಲ್ಲದ ಅಡುಗೆ ಮನೆ, ಹೋದ ವರ್ಷದ ರಿಪೋರ್ಟಿನಲ್ಲೇ ನಿನ್ನ ಬಿ12 ಕಡಿಮೆ ಇತ್ತು. ಆಗ ಕೊಟ್ಟ ಮಾತ್ರೆಯ ಪಟ್ಟಿ ಅರ್ಧ ಮುಗಿಯದೆ ಫ್ರಿಜ್ ಮೇಲೆ ಇತ್ತಲ್ಲ. ನಿನ್ನ ಮನಸ್ಸು ಚುಚ್ಚಲು ಹೇಳುತ್ತಿಲ್ಲ ಕಣೇ, ಆದರೆ ಈ ವಿಷಯಕ್ಕೆ ನೀನು ನಿನಗೇ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಬೇಕು.

ವಿಟಮಿನ್ ಬಿ1, ಅಂದರೆ ಥಯಾಮಿನ್ ಬಗ್ಗೆ ಒಂದು ಹೇಳಲೇಬೇಕು. ನಾನು ರಿಟೈರ್ ಆಗುವ ಮುಂಚಿನ ವರ್ಷ ನಮ್ಮ ವಾರ್ಡಿಗೆ ಒಬ್ಬಳು ಹುಡುಗಿ ಬಂದಳು, ಬೇರೆ ಊರಲ್ಲಿ ತೂಕದ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಮೂರು ವಾರದಿಂದ ತಿಂದದ್ದೆಲ್ಲ ವಾಂತಿ. ಮನೆಯವರು ಗ್ಯಾಸ್ಟ್ರಿಕ್ ಅಂದುಕೊಂಡಿದ್ದರು. ನಡೆಯಲು ಹೋದರೆ ತೂರಾಡುತ್ತಿದ್ದಳು, ಕಣ್ಣುಗುಡ್ಡೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಡ್ಯೂಟಿ ಡಾಕ್ಟರ್ ಗ್ಲೂಕೋಸ್ ಬಾಟಲಿಗೆ ಕೈ ಹಾಕಿದ್ದ ನನ್ನನ್ನು ತಡೆದು "ಸಿಸ್ಟರ್, ಮೊದಲು ಥಯಾಮಿನ್" ಅಂದರು. ಬಿ1 ಖಾಲಿಯಾದ ಮೈಗೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಇನ್ನೂ ಪೆಟ್ಟು. ಆ ಹುಡುಗಿ ಉಳಿದಳು, ಆದರೆ ನೆಟ್ಟಗೆ ನಡೆಯೋಕೆ ತಿಂಗಳುಗಟ್ಟಲೆ ಹಿಡಿಯಿತು. ನೀನು ಮಾಡಿಸಿಕೊಂಡರೆ ಇದನ್ನು ಮರೆಯಬೇಡ. ಎರಡು ಮೂರು ದಿನ ವಾಂತಿ ನಿಲ್ಲದಿದ್ದರೆ ನನಗೆ ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗು, ಬಿ1 ಅಂತ ನೀನೇ ಬಾಯಿಬಿಟ್ಟು ಹೇಳು.

ನಿನಗೆ ಈಗಲೇ ಹುಳಿತೇಗು, ಎದೆಯುರಿ ಇದೆ ಅಲ್ವಾ? ಎರಡು ದಿಂಬು ಹಾಕಿಕೊಂಡು ಮಲಗುತ್ತೀಯ. ಇದನ್ನು ಸರ್ಜನ್‌ಗೆ ಹೇಳಿದ್ದೀಯಾ? ಫಿನ್ಲೆಂಡಿನಲ್ಲಿ 240 ಜನರಿಗೆ ಸ್ಲೀವ್, ಬೈಪಾಸ್ ಎರಡರಲ್ಲಿ ಒಂದನ್ನು ಮಾಡಿ ಹತ್ತು ವರ್ಷ ಹಿಂಬಾಲಿಸಿದ್ದರು, 2022ರಲ್ಲಿ ಫಲಿತಾಂಶ ಬಂತು. ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡಿದಾಗ ಸ್ಲೀವ್ ಆದವರಲ್ಲಿ 31 ಪರ್ಸೆಂಟ್ ಜನಕ್ಕೆ ಅನ್ನನಾಳದಲ್ಲಿ ಉರಿಯೂತ, ಬೈಪಾಸ್ ಆದವರಲ್ಲಿ 7. ಸ್ಲೀವ್ ಆದ ಕೆಲವರು ಹುಳಿ ತಡೆಯಲಾಗದೆ ಮತ್ತೆ ಬೈಪಾಸ್ ಮಾಡಿಸಿಕೊಳ್ಳುವುದೂ ಇದೆ. ಹಾಗಾಗಿ ಎಂಡೋಸ್ಕೋಪಿ ಆಗದೆ ಯಾವುದಕ್ಕೂ ಸಹಿ ಹಾಕಬೇಡ. ಸ್ಲೀವ್ ಸುಲಭ ಅಂತ ಹೇಳಿದರು ಅಂದೆಯಲ್ಲ, ಸುಲಭ ಆಪರೇಷನ್ನೇ ನಿನಗೆ ಸರಿಯಾದದ್ದು ಅಂತ ಹೇಗೆ ಹೇಳುವುದು?

ಮಗುವಿನ ವಿಷಯ. ಮದುವೆ ಆಗು, ಬಿಡು, ಅದು ನಿನ್ನಿಷ್ಟ. ಆದರೆ ಮುಂದೆ ಮಗು ಬೇಕು ಅಂದರೆ ಆಪರೇಷನ್ ಆಗಿ 12ರಿಂದ 18 ತಿಂಗಳು ಕಾಯಬೇಕು. ತೂಕ ಇಳಿಯುತ್ತಿದ್ದಂತೆ ಪಿಸಿಓಡಿಯವರಿಗೆ ಮುಟ್ಟು ಸರಿಯಾಗಿ, ಗೊತ್ತೇ ಆಗದೆ ಗರ್ಭ ನಿಲ್ಲುವುದುಂಟು. ಬೈಪಾಸ್ ಆದವರಿಗೆ ಗರ್ಭ ತಡೆಯುವ ಮಾತ್ರೆಯ ಮೇಲೆ ಭರವಸೆ ಇಡೋಕೆ ಆಗಲ್ಲ. ಬಸಿರಿನಲ್ಲಿ ಸಕ್ಕರೆ ಪರೀಕ್ಷೆಗೆ ಕುಡಿಸುವ ಆ ಗ್ಲೂಕೋಸ್ ನೀರು ಕೂಡ ತಡೆಯದೇ ಹೋಗಬಹುದು, ಬೇರೆ ರೀತಿ ನೋಡಬೇಕು. ಮಗು ಸ್ವಲ್ಪ ಸಣ್ಣದಾಗಿ ಹುಟ್ಟುವ ಸಾಧ್ಯತೆ ಇದೆ. ಅದೇ ತಾಯಿಗೆ ಬಸಿರಿನ ಸಕ್ಕರೆ ಕಾಯಿಲೆ ಬರೋದು ಕಡಿಮೆ. ಎರಡೂ ನಿಜ.

ಕೂದಲು ಉದುರೋದು, ಚರ್ಮ ಜೋತು ಬೀಳೋದು, ಪಿತ್ತಕೋಶದಲ್ಲಿ ಕಲ್ಲು, ಮೂಳೆ ಸವೆಯೋದು, ಇದೆಲ್ಲ ನೀನೇ ಓದಿರುತ್ತೀಯ. ಓದಿರದೇ ಇರಬಹುದಾದದ್ದು ಮನಸ್ಸಿನದು. ಬೇಜಾರಾದಾಗ ನೀನು ತಿನ್ನುತ್ತೀಯ, ನಾನೂ ಹಾಗೆಯೇ. ಹೊಟ್ಟೆ ಚಿಕ್ಕದಾದ ಮೇಲೆ ಆ ಬೇಜಾರು ಎಲ್ಲಿಗೆ ಹೋಗುತ್ತೆ? ಆಫೀಸ್ ಪಾರ್ಟಿಯಲ್ಲಿ ಒಂದು ಗ್ಲಾಸ್ ವೈನ್ ಕುಡಿಯುತ್ತೀಯ ಅಂತ ಗೊತ್ತು, ಅದಕ್ಕೆ ಬೈಯಲ್ಲ. ಆದರೆ ಈ ಆಪರೇಷನ್ ಆದ ಮೇಲೆ ಅದು ಬೇಗ ತಲೆಗೆ ಏರುತ್ತೆ, ಕುಡಿತಕ್ಕೆ ಬೀಳುವವರು ಜಾಸ್ತಿ ಆಗುತ್ತಾರೆ, ಅದೂ ಎರಡನೇ ವರ್ಷದ ಹೊತ್ತಿಗೆ, ಎಲ್ಲರೂ "ಎಷ್ಟು ಚೆನ್ನಾಗಿ ಕಾಣ್ತೀಯ" ಅನ್ನುವ ಹೊತ್ತಿಗೆ. ಪ್ರಾಣ ಕಳೆದುಕೊಳ್ಳುವ ಯೋಚನೆಯ ತನಕ ಹೋದವರೂ ಇದ್ದಾರೆ. ಅದಕ್ಕೇ ಆಪರೇಷನ್‌ಗೆ ಮುಂಚೆ ಮನೋವೈದ್ಯರ ಹತ್ತಿರ ಸಹಿಗೋಸ್ಕರ ಅಲ್ಲ, ಮಾತಾಡೋಕೆ ಹೋಗು. ಆಮೇಲೂ ಹೋಗು.

ಮಾಡಿಸಿಕೊಳ್ಳದೇ ಇದ್ದರೆ ಎಲ್ಲ ಸುಖ ಅಂತ ನಾನು ಹೇಳಿದರೆ ಸುಳ್ಳಾಗುತ್ತೆ. ನಿಮ್ಮ ಅಜ್ಜಿಯ ಕಾಲಿನ ಎರಡು ಬೆರಳು ಸಕ್ಕರೆ ಕಾಯಿಲೆಗೆ ಹೋದದ್ದು ನೀನೇ ನೋಡಿದ್ದೀಯ. ನೀನು 158 ಸೆಂಟಿಮೀಟರ್, 92 ಕಿಲೋ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಸುಮಾರು 36.9 ಆಗುತ್ತೆ. 2022ರಲ್ಲಿ ಬಂದ ಹೊಸ ಮಾರ್ಗಸೂಚಿ ನಮ್ಮ ಏಷ್ಯಾದವರಿಗೆ 27.5ರಿಂದಲೇ ಆಪರೇಷನ್ ಯೋಚಿಸಬಹುದು ಅನ್ನುತ್ತೆ. ಹಾಗಾಗಿ ಡಾಕ್ಟರ್ ಹೇಳಿದ್ದರಲ್ಲಿ ತಪ್ಪಿಲ್ಲ. ನೀನು ರಾತ್ರಿ ಗೊರಕೆ ಹೊಡೆಯುವಾಗ ನಡುವೆ ಉಸಿರು ನಿಂತ ಹಾಗಾಗುತ್ತೆ, ದೀಪಾವಳಿಗೆ ಬಂದಾಗ ಪಕ್ಕದಲ್ಲಿ ಮಲಗಿ ಎಣಿಸಿದ್ದೇನೆ. ಸ್ಲೀಪ್ ಸ್ಟಡಿ ಮಾಡಿಸು. ನಿಜಕ್ಕೂ ಜೋರಾಗಿದ್ದರೆ ಆಪರೇಷನ್ ಪರ ನಾನೇ ಮಾತಾಡುತ್ತೇನೆ. ವಿಮೆಯ ನಿಯಮವೂ ಹಾಗೇ ಇದೆ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಪ್ರಕಾರ ಬಿಎಂಐ 40 ಇರಬೇಕು, ಇಲ್ಲ 35 ದಾಟಿ ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರು ನಿಲ್ಲುವ ಜೋರಾದ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಶುಗರ್ ಇಂಥದ್ದೇನಾದರೂ ಇರಬೇಕು. ಇಲ್ಲದಿದ್ದರೆ ಮೂರೂವರೆ ಲಕ್ಷ ಕೈಯಿಂದಲೇ. ದುಡ್ಡಿಗೆ ಯೋಚಿಸಬೇಡ, ಪಿಎಫ್ ದುಡ್ಡು ಇದೆ.

ತೂಕ ಇಳಿಸುವ ವಾರಕ್ಕೊಂದು ಇಂಜೆಕ್ಷನ್, ಮೌಂಜಾರೊ, ವೆಗೋವಿ, 2025ರಲ್ಲಿ ನಮ್ಮಲ್ಲೂ ಬಂತಲ್ಲ, ಅದರ ಬಗ್ಗೆ ಹಾರ್ಮೋನು ನೋಡುವ ಎಂಡೋಕ್ರೈನ್ ಡಾಕ್ಟರ್ ಹತ್ತಿರ ಒಮ್ಮೆ ಕೇಳು. ಬಿಟ್ಟರೆ ತೂಕ ವಾಪಸ್ ಬರುತ್ತೆ, ದುಬಾರಿ, ಅದಕ್ಕೂ ಅದರದೇ ತೊಂದರೆಗಳಿವೆ. ಆದರೆ ಆಗಿಬರದಿದ್ದರೆ ನಿಲ್ಲಿಸಬಹುದು. ಜಠರದ ವಿಷಯದಲ್ಲಿ ಆ ಅನುಕೂಲ ಇಲ್ಲ.

ಇನ್ನೊಂದು ಕೇಳಬೇಕು, ಕೋಪ ಮಾಡಿಕೊಳ್ಳಬೇಡ. ಆ ತೀರ್ಥಹಳ್ಳಿ ಕಡೆಯವರು ಫೋಟೋ ನೋಡಿ "ಹುಡುಗಿ ಸ್ವಲ್ಪ ದಪ್ಪ" ಅಂದು ಹದಿನೈದು ದಿನಕ್ಕೆ ನೀನು ಸರ್ಜನ್ ಹತ್ತಿರ ಹೋದೆ. ಅದಕ್ಕಾಗಿಯೇನಾ? ಅದಕ್ಕಾಗಿ ಆದರೆ ಬೇಡ ಪುಟ್ಟಿ. ಅವರ ಮಾತಿಗೆ, ನನ್ನ ಹಳೇ ಮಾತಿಗೆ, ನೀನು ನಿನ್ನ ಹೊಟ್ಟೆ ಕೊಯ್ಸಿಕೊಳ್ಳಬೇಡ. ನಿನ್ನ ಉಸಿರು, ನಿನ್ನ ಮಂಡಿ, ನಿನ್ನ ಶುಗರ್ ಇವುಗಳಿಗಾಗಿ ಅಂದರೆ ಓಟಿ ಬಾಗಿಲ ತನಕ ಕೈ ಹಿಡಿದುಕೊಂಡು ನಾನೇ ಬರುತ್ತೇನೆ, ಆರು ತಿಂಗಳು ಅಲ್ಲೇ ಇದ್ದು ಗಂಜಿ ಕಾಯಿಸಿ ಕೊಡುತ್ತೇನೆ.

ಈಗ ಸದ್ಯಕ್ಕೆ ಡೇಟ್ ಎರಡು ತಿಂಗಳು ಮುಂದೆ ಹಾಕಿಸು. ನಾಳೆಯೇ ಫೋನ್ ಮಾಡು. ಬುಕಿಂಗ್ ದುಡ್ಡು ಹೋದರೆ ಹೋಗಲಿ, ನಾನು ಕೊಡುತ್ತೇನೆ. ಎಂಡೋಸ್ಕೋಪಿ, ಸ್ಲೀಪ್ ಸ್ಟಡಿ, ಬಿ12, ಡಿ, ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ನೋಡುವ ಫೆರಿಟಿನ್ ಇಷ್ಟೂ ಆಗಲಿ. ಇನ್ನೊಬ್ಬ ಸರ್ಜನ್ ಹತ್ತಿರ ತೋರಿಸೋಣ. ಐದು ವರ್ಷ ಹಿಂದೆ ನೀವು ಮಾಡಿದವರಲ್ಲಿ ಈಗ ಎಷ್ಟು ಜನ ಫಾಲೋಅಪ್‌ಗೆ ಬರುತ್ತಿದ್ದಾರೆ ಅಂತ ನಾನೇ ಕೇಳುತ್ತೇನೆ, ನಿನಗೆ ಸಂಕೋಚ ಆದರೆ.

ಶನಿವಾರ ಬೆಳಗಿನ ಜನಶತಾಬ್ದಿಗೆ ಹೊರಡುತ್ತೇನೆ. ಚಿಕ್ಕಿಯೂ ಬರುತ್ತಾಳೆ. ಸ್ಟೇಷನ್‌ಗೆ ಬರೋದು ಬೇಡ, ಆಟೋ ಹಿಡಿದು ಬರುತ್ತೇವೆ. ಹಳೇ ರಿಪೋರ್ಟ್‌ಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿ ತೆಗೆದಿಡು.

ಅಮ್ಮ