ಬೆಂಕಿಗೆ ಬೀಳುವ ದರಗು ಗೊಬ್ಬರದ ಗುಂಡಿಗೆ ಬರಲಿ

ಮಾನ್ಯರೇ,

ಮಾಘದ ಚಳಿ ಇಳಿಯುವ ಹೊತ್ತಿಗೆ ಚಿಕ್ಕಮಗಳೂರಿನ ಬಡಾವಣೆಗಳಲ್ಲಿ ಬೆಳಗಿನ ಏಳು ಗಂಟೆಗೆಲ್ಲ ಹೊಗೆ ಏಳುತ್ತದೆ. ಹೊಂಗೆ, ಹಲಸು, ಸಿಲ್ವರ್ ಓಕ್ ಮರಗಳಿಂದ ಉದುರಿದ ಒಣ ಎಲೆಯನ್ನು, ಅಂದರೆ ದರಗನ್ನು ಗುಡಿಸಿ, ಚರಂಡಿಯ ಪಕ್ಕ ಗುಡ್ಡೆ ಹಾಕಿ ಕಡ್ಡಿ ಗೀರುವವರು ನಾವು ನಿವಾಸಿಗಳೇ. ಜೂನ್ ತಿಂಗಳು ಬರುತ್ತಲೇ, ಮನೆಯಲ್ಲಿ ಗೊಬ್ಬರ ಮಾಡಲು ಹೋದರೆ ನಾತ ಬರುತ್ತದೆ, ಹುಳ ಬೀಳುತ್ತದೆ ಎಂದು ಕೈಚೆಲ್ಲಿ, ಹಸಿ ಕಸವನ್ನೆಲ್ಲ ಗಾಡಿಗೆ ಸುರಿಯುವವರೂ ನಾವೇ. ಈ ಎರಡಕ್ಕೂ ಇರುವ ನಂಟನ್ನು ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಾಲ್ಕು ವರ್ಷಗಳ ಹಿಂದೆ ನಾನು ಹಳೆಯ ನೀಲಿ ಡ್ರಮ್ಮೊಂದಕ್ಕೆ ಸುತ್ತಲೂ ತೂತು ಕೊರೆಸಿ, ಅಡುಗೆಮನೆಯ ಸಿಪ್ಪೆ, ಸೊಪ್ಪಿನ ಕಡ್ಡಿ, ಕಾಫಿ ಚರಟಗಳನ್ನು ಹಾಕತೊಡಗಿದೆ. ಬೇಸಿಗೆಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಪುನರ್ವಸು ಮಳೆ ಹಿಡಿದ ವಾರದೊಳಗೆ ಡ್ರಮ್ಮಿನ ತಳದಲ್ಲಿ ಕಪ್ಪು ನೀರು ನಿಂತು, ಬಿಳಿ ಹುಳುಗಳು ಮುಚ್ಚಳದವರೆಗೆ ಹತ್ತಿ ಬಂದವು. ಪಕ್ಕದ ಮನೆಯವರು ಮೂರು ದಿನ ನೋಡಿ, ನಾಲ್ಕನೆಯ ದಿನ ಮೂಗು ಮುಚ್ಚಿಕೊಂಡೇ ಬಂದು ಕೇಳಿದರು. ಆ ದಿನಗಳಲ್ಲಿ ಮೂಡಿಗೆರೆ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆಯವರು ಡ್ರಮ್ಮಿನೊಳಗೆ ಒಮ್ಮೆ ಇಣುಕಿ, "ದರಗು ಹಾಸದೆ ಕೊಟ್ಟಿಗೆ ಗೊಬ್ಬರ ಆಗತ್ತೇನಮ್ಮಾ?" ಎಂದಷ್ಟೇ ಹೇಳಿದರು. ಮಲೆನಾಡಿನ ಕೊಟ್ಟಿಗೆಗಳಲ್ಲಿ ದನದ ಕಾಲಡಿಗೆ ಒಣ ಎಲೆ ಹಾಸಿ, ಸಗಣಿ-ಗಂಜಲ ಹೀರಿದ ಆ ಎಲೆಯನ್ನೇ ಗುಂಡಿಗೆ ಹಾಕುವುದನ್ನು ಕಂಡು ಬೆಳೆದ ನನಗೆ ಅದು ಡ್ರಮ್ಮಿನ ವಿಷಯದಲ್ಲಿ ಹೊಳೆದಿರಲಿಲ್ಲ.

ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಬೇಕು. ತರಕಾರಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಅದಕ್ಕಿಂತ ಮುಖ್ಯವಾಗಿ ಎಲೆಯು ನೀರು ಹೀರಿಕೊಂಡು ನಡುವೆ ಗಾಳಿಯಾಡಲು ಜಾಗ ಬಿಡುತ್ತದೆ. ಗಾಳಿ ಸಿಗದಿದ್ದರೆ ಕಸ ಕೊಳೆತು ನಾರುತ್ತದೆ, ಮೀಥೇನ್ ಅನಿಲವನ್ನೂ ಹೊರಹಾಕುತ್ತದೆ. ಈಗ ನಾನು ಒಂದು ಬೋಗುಣಿ ಹಸಿ ಕಸಕ್ಕೆ ಎರಡು ಬೋಗುಣಿ ಪುಡಿಮಾಡಿದ ದರಗು, ಮೇಲೊಂದು ಹಿಡಿ ಹಳೆಯ ಗೊಬ್ಬರ ಹಾಕುತ್ತೇನೆ. ಸುಮಾರು ಮೂರು ತಿಂಗಳಿಗೆ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಹೊಂಗೆ ಎಲೆ ಬೇಗ ಕರಗುತ್ತದೆ. ಸಿಲ್ವರ್ ಎಲೆ ಮಾತ್ರ ಆರು ತಿಂಗಳಾದರೂ ತನ್ನ ಆಕಾರ ಬಿಡದು, ಅದನ್ನು ಪುಡಿಮಾಡದೆ ಹಾಕಬಾರದು. ಕಾಫಿ ಹೊಟ್ಟೂ ಇದಕ್ಕೆ ಒಳ್ಳೆಯದೇ. ಆದರೆ ಹೊಟ್ಟಿಗೆ ಉರುವಲೆಂದು ಬೆಲೆ ಬಂದಿದೆ, ಎಲೆಗೆ ಇನ್ನೂ ಯಾರೂ ಬೆಲೆ ಕಟ್ಟಿಲ್ಲ.

ತೊಡಕಿರುವುದು ಕಾಲದಲ್ಲಿ. ಎಲೆ ಉದುರುವುದು ಡಿಸೆಂಬರಿನಿಂದ ಮಾರ್ಚ್‌ವರೆಗೆ. ಅದು ತೀರಾ ಬೇಕಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಒಂದು ಒಣ ಎಲೆಯೂ ಸಿಗದ ದಿನಗಳಲ್ಲಿ. ಹಾಗಾಗಿ ಸುಡುವ ಬದಲು ಚೀಲ ತುಂಬಿ, ಮಳೆ ತಾಗದಂತೆ ಇಟ್ಟುಕೊಳ್ಳಬೇಕು.

ಹಸಿ ಕಸ ಗುಂಡಿಗೆ ಹೋದರೆ ಒಣ ಕಸಕ್ಕೂ ಬೆಲೆ ಬರುತ್ತದೆ. ಸಾಂಬಾರು ಮೆತ್ತಿದ ರಟ್ಟನ್ನು ಗುಜರಿಯವರು ಮುಟ್ಟುವುದಿಲ್ಲ. ತೊಳೆದು ಒಣಗಿಸಿದ ಹಾಲಿನ ಕವರನ್ನು ತೂಕಕ್ಕೆ ಹಾಕುತ್ತಾರೆ. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಊರಿನಲ್ಲಿ ಕವರುಗಳನ್ನು ಹಗ್ಗಕ್ಕೆ ಸಿಕ್ಕಿಸುವುದು ನೋಡಿದವರಿಗೆ ನಗು ತರಿಸಬಹುದು, ನಮ್ಮ ಮನೆಯಲ್ಲಂತೂ ಅದು ರೂಢಿಯಾಗಿದೆ. ಚಿಪ್ಸ್ ಪೊಟ್ಟಣಗಳನ್ನು ನಮ್ಮ ಕಡೆಯ ಗುಜರಿಯವರು ಯಾರೂ ಕೊಳ್ಳುವುದಿಲ್ಲ. ಅವುಗಳನ್ನು ಮನೆಗೆ ತರುವುದನ್ನೇ ಕಡಿಮೆ ಮಾಡಬೇಕು.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಕಸವನ್ನು ಬೀದಿಯಲ್ಲಿ ಸುಡಬಾರದೆಂದೂ, ಉದ್ಯಾನಗಳ ತ್ಯಾಜ್ಯವನ್ನು ಬೇರೆಯಾಗಿ ಸಂಗ್ರಹಿಸಿ ಸಾಧ್ಯವಾದಷ್ಟೂ ಆಯಾ ಉದ್ಯಾನದಲ್ಲಿಯೇ ಸಂಸ್ಕರಿಸಬೇಕೆಂದೂ ಹೇಳಲಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂದು ಆದೇಶಿಸಿತು. ದಂಡದ ಮಾತು ಸದ್ಯಕ್ಕೆ ಹಾಗಿರಲಿ. ಪ್ರತಿ ಬಡಾವಣೆಯ ಉದ್ಯಾನದ ಒಂದು ಮೂಲೆಯಲ್ಲಿ ತಗಡಿನ ಮಾಡೊಂದನ್ನು ಹಾಕಿಸಿ, ಬೇಸಿಗೆಯಲ್ಲಿ ಗುಡಿಸಿದ ಎಲೆಯನ್ನು ಅಲ್ಲಿ ಪೇರಿಸಿ, ಮಳೆಗಾಲದಲ್ಲಿ ಮನೆಯಲ್ಲಿ ಗೊಬ್ಬರ ಮಾಡುವವರು ಬಂದು ಚೀಲ ಒಯ್ಯುವಂತೆ ಮಾಡಬೇಕೆಂದು ನಗರಾಡಳಿತವನ್ನೂ ನಿವಾಸಿಗಳ ಸಂಘಗಳನ್ನೂ ಕೋರುತ್ತೇನೆ. ಇದಕ್ಕೆ ಯಂತ್ರ ಬೇಕಿಲ್ಲ, ಟೆಂಡರ್ ಕರೆಯುವಷ್ಟು ಖರ್ಚೂ ಆಗದು.

ನಮ್ಮ ಮನೆಯ ಹಿಂದಿನ ಶೀಟಿನಡಿ ಈಗ ಒಂಬತ್ತು ಚೀಲ ದರಗು ಕೂಡಿದೆ. ಕಳೆದ ಮಳೆಗಾಲಕ್ಕೆ ನಮಗೆ ಐದು ಸಾಕಾಗಿತ್ತು. ಉಳಿದ ನಾಲ್ಕನ್ನು ಪಕ್ಕದ ಮನೆಯವರು ಈಗಲೇ ಕೇಳಿಟ್ಟಿದ್ದಾರೆ, ಅವರೂ ಒಂದು ಡ್ರಮ್ ತಂದಿದ್ದಾರೆ.

ಇಂತಿ,
ಓದುಗಳೊಬ್ಬಳು, ಚಿಕ್ಕಮಗಳೂರು