ಅಪ್ಪನ ಶಾಲು, ಅವ್ವನ ಕೌದಿ: ಋಣ ನೆನೆಯುವ ಕೆಲವು ಮಾತು

ನಮ್ಮ ಅಪ್ಪನ ಮೊದಲ ವರ್ಷದ ಪುಣ್ಯಸ್ಮರಣೆ ಹೋದ ಸೋಮವಾರ ನರಗುಂದ ತಾಲ್ಲೂಕಿನ ನಮ್ಮ ಊರಿನಲ್ಲಿ ಮುಗಿಯಿತು. ಬಂದವರನ್ನು ಪಂಕ್ತಿಗೆ ಕರೆಯುವುದರಲ್ಲೇ ನನ್ನ ಹೊತ್ತೆಲ್ಲ ಕಳೆದುಹೋಗಿ, ಹೇಳಬೇಕೆಂದುಕೊಂಡಿದ್ದ ಮಾತುಗಳು ಬಾಯಲ್ಲೇ ಉಳಿದವು. ಹುಬ್ಬಳ್ಳಿಗೆ ಮರಳಿದ ಮೇಲೆ ಅವನ್ನು ಬರೆಯುತ್ತಿದ್ದೇನೆ.

ಅಪ್ಪ ಎರೆಹೊಲದ ರೈತರು. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಜಲಾಶಯ ತುಂಬುವ ವರ್ಷಗಳೇ ಕಡಿಮೆಯಾದ್ದರಿಂದ, ಕಾಲುವೆಯ ಕೊನೆಗಿರುವ ನಮ್ಮಂಥವರ ಹೊಲಕ್ಕೆ ನೀರು ಬರುವುದು ಹೆಸರಿಗೆ ಮಾತ್ರ. ಮಹದಾಯಿ ನದಿಗೆ ಹರಿಯುವ ಕಳಸಾ ಮತ್ತು ಬಂಡೂರಿ ಹಳ್ಳಗಳನ್ನು ಮಲಪ್ರಭೆಗೆ ಕೂಡಿಸಿದರೆ ಈ ಕೊರತೆ ನೀಗುತ್ತದೆಂದು ನಂಬಿದ್ದ ಅವರು, 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಆರಂಭವಾದಾಗ ಹಸಿರು ಶಾಲು ಹೊದ್ದು ಹೋಗಿ ಕುಳಿತರು. ಮರುವರ್ಷ ಜುಲೈ 27ರಂದು 7 ಟಿಎಂಸಿ ನೀರು ಕೇಳಿದ್ದ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ಮಹದಾಯಿ ನೀರಿನ ವ್ಯಾಜ್ಯದ ನ್ಯಾಯಮಂಡಳಿ ತಿರಸ್ಕರಿಸಿತು. 2018ರ ಆಗಸ್ಟ್ 14ರ ಐತೀರ್ಪಿನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಸಿಕ್ಕಿತೆಂದು ಕೆಲವರು ಹಿಗ್ಗಿದರೂ, ಅದರಲ್ಲಿ 8.02 ವಿದ್ಯುತ್ತಿಗೆಂದೂ, ಕಳಸಾಕ್ಕೆ 1.72, ಬಂಡೂರಿಗೆ 2.18 ಮಾತ್ರವೆಂದೂ ಅಪ್ಪ ಪೇಪರು ನೋಡಿ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದಿಟ್ಟು ಸುಮ್ಮನಾದರು. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತು ಹನ್ನೊಂದು ಮತಗಳಿಂದ ಸೋತರು. ಎಣಿಕೆಯ ದಿನ ಮನೆಗೆ ಬಂದವರೇ ಶಾಲನ್ನು ಮಡಚಿ ಟ್ರಂಕಿನಲ್ಲಿಟ್ಟರು. ಆಮೇಲೆ ಅದನ್ನು ಹೊರತೆಗೆದದ್ದನ್ನು ನಾನು ನೋಡಲಿಲ್ಲ.

ಹೋರಾಟವೇ ಅವರ ಜೀವ ತೆಗೆಯಿತು ಎಂದು ಕಳೆದ ವರ್ಷ ಕೆಲವರು ಮಾತನಾಡಿದರು. ಪ್ರೀತಿಯಿಂದಲೇ ಆಡಿದ ಮಾತಾದರೂ ನಾನು ಅದನ್ನು ಒಪ್ಪುವುದಿಲ್ಲ. ಅಪ್ಪ ಹೋದದ್ದು ಹೃದಯದ ಕಾಯಿಲೆಯಿಂದ, ಹಿಂಗಾರಿ ಬಿತ್ತಿಗೆ ಮುಗಿಸಿ, ಮನೆಯ ಪಡಸಾಲೆಯಲ್ಲಿ.

ಸಾವಿಗಾದರೆ ನಮ್ಮಲ್ಲಿ ಒಂದು ರೀತಿ ರಿವಾಜು ಇದೆ. ಮೊದಲ ದಿನಗಳಲ್ಲಿ ನಮ್ಮ ಒಲೆ ಹೊತ್ತದೆ ಓಣಿಯ ತಾಯಂದಿರು ಜೋಳದ ರೊಟ್ಟಿ, ಬ್ಯಾಳಿ, ಮೊಸರು ತಂದಿಟ್ಟು, ಅವ್ವನ ಮುಂದೆ ಕುಳಿತು ಆಕೆ ಎರಡು ತುತ್ತು ಉಂಡ ಮೇಲೆಯೇ ಏಳುತ್ತಿದ್ದರು. ಅವರಿಗೆ ನಾನು ಎಷ್ಟು ಕೈಮುಗಿದರೂ ಕಡಿಮೆಯೇ. ಆದರೆ ಸೋತವರ ಮನೆಗೆ ಯಾರೂ ರೊಟ್ಟಿ ತರುವುದಿಲ್ಲ, ಎಷ್ಟು ದಿನ ಕೊರಗಬೇಕೆಂದು ಲೆಕ್ಕವನ್ನೂ ಯಾರೂ ಹಾಕಿಕೊಟ್ಟಿಲ್ಲ. ಆ ಚುನಾವಣೆಯ ಮರುದಿನದಿಂದ ಒಂದು ತಿಂಗಳು ಪ್ರತಿ ಸಂಜೆ ಬಂದು, ಮತದ ಸುದ್ದಿಯನ್ನು ಅಪ್ಪಿತಪ್ಪಿಯೂ ತೆಗೆಯದೆ, ಕಡಲೆಯ ಬೆಲೆ ಮತ್ತು ಎತ್ತಿನ ಕಾಲುನೋವಿನ ಬಗ್ಗೆ ಅಪ್ಪನೊಡನೆ ಮಾತನಾಡಿ, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದ ನಮ್ಮ ಓಣಿಯ ಕಾಕಾ ಒಬ್ಬರಿದ್ದಾರೆ. ಅವರು ಅಪ್ಪನ ಎದುರಾಳಿಗೇ ಮತ ಹಾಕಿದ್ದರೆಂದು ಆಮೇಲೆ ತಿಳಿಯಿತು. ಆ ಸಂಜೆಗಳಿಗಾಗಿ ಅವರಿಗೆ ಇಲ್ಲಿಂದಲೇ ನಮಸ್ಕಾರ. ನನ್ನ ಪಾಠಗಳನ್ನು ತಿಂಗಳುಗಟ್ಟಲೆ ಹಂಚಿಕೊಂಡು ತೆಗೆದುಕೊಂಡ ಶಾಲೆಯ ಸಹೋದ್ಯೋಗಿಗಳಿಗೂ ನಾನು ಋಣಿ.

ಇನ್ನು ಬಟ್ಟೆಗಳ ಮಾತು. ಸತ್ತವರ ಅರಿವೆ ಮನೆಯಲ್ಲಿ ಇಡಬಾರದೆಂದು ಬಂಧುಗಳು ಹೇಳಿದರು. ತಮ್ಮನೂ ಎಲ್ಲವನ್ನೂ ಗಂಟು ಕಟ್ಟಿ ದಾನ ಮಾಡೋಣವೆಂದ. ನಾನು ಒಪ್ಪದೆ ಅವನೊಡನೆ ನಾಲ್ಕು ತಿಂಗಳು ಸರಿಯಾಗಿ ಮಾತನಾಡಲಿಲ್ಲ. ಒಂಬತ್ತು ಧೋತರ, ಐದು ನೆಹರೂ ಶರ್ಟು, ಆ ಶಾಲು ಇಷ್ಟೇ ಇದ್ದ ಟ್ರಂಕಿನ ಕೀಲಿಯನ್ನು ಹುಬ್ಬಳ್ಳಿಗೆ ತಂದು ಪರ್ಸಿನಲ್ಲಿ ಇಟ್ಟುಕೊಂಡು ತಿರುಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಆಗ ಬೇರೆ ದಾರಿ ಕಂಡಿರಲಿಲ್ಲ. ನನ್ನ ಮೊಂಡುತನವನ್ನು ಸಹಿಸಿದ ತಮ್ಮನಿಗೆ ಮೊದಲ ಥ್ಯಾಂಕ್ಸ್ ಸಲ್ಲಬೇಕು.

ಗಂಟು ಬಿಡಿಸಿದವರು ನಮ್ಮೂರಿನಲ್ಲಿ ಕೌದಿ ಹೊಲಿಯುವ ಅಜ್ಜಿ. ಯುಗಾದಿಗೆ ಊರಿಗೆ ಹೋದಾಗ ಅವ್ವ ತನ್ನ ನೂಲಿನ ಇಲಕಲ್ ಸೀರೆ ಎರಡನ್ನು ಅವರ ಮುಂದೆ ಹಾಕಿ, ನನ್ನ ಕಡೆ ನೋಡಿದಳು. ನಾನು ಟ್ರಂಕು ತೆಗೆದೆ. ಅಜ್ಜಿ ಧೋತರವೊಂದನ್ನು ಬೆರಳುಗಳ ನಡುವೆ ತಿಕ್ಕಿ ನೋಡಿ, “ಇಷ್ಟ ಮೆತ್ತಗಿನ ಅರಿವಿ ಈಗ ಎಲ್ಲಿ ಸಿಗತಾವ ತಂಗಿ, ಹೊಸಾದಕ್ಕ ಸೂಜಿ ಇಳಿಯೂದಿಲ್ಲ” ಎಂದರು. ನಾನು ಆವರೆಗೆ ಆ ಧೋತರಗಳನ್ನು ಅಪ್ಪನ ಕುರುಹೆಂದು ನೋಡಿದ್ದೆನೇ ಹೊರತು, ಮೂವತ್ತು ವರ್ಷ ಅವ್ವ ಕಲ್ಲಿಗೆ ಒಗೆದು ಒಗೆದು ಮೆತ್ತಗೆ ಮಾಡಿದ ಬಟ್ಟೆಗಳೆಂದು ನೋಡಿರಲಿಲ್ಲ. ಹಸಿರು ಶಾಲನ್ನು ಹೇಗೆ ಉಳಿಸಿಕೊಳ್ಳಲಿ ಎಂದು ನಾನು ಒಳಗೊಳಗೇ ಹೆದರುತ್ತಿದ್ದರೆ, ಅಜ್ಜಿ ಅದನ್ನು ತಾವೇ ಬದಿಗೆ ಸರಿಸಿದರು: “ಇದು ಪಾಲಿಸ್ಟರ್ ಐತಿ, ಕೌದಿಗೆ ಬರಂಗಿಲ್ಲ, ಜಾರತೈತಿ.”

ಹನ್ನೆರಡು ದಿನ ಕಟ್ಟೆಯ ಮೇಲೆ ಹೊಲಿಗೆ ನಡೆಯಿತು. ಒಳಗೆ ಧೋತರದ ಪದರುಗಳು, ಮೇಲೆ ಅವ್ವನ ಸೀರೆ, ಸುತ್ತ ದಡಿ, ಅಲ್ಲಲ್ಲಿ ಶರ್ಟಿನ ತೇಪೆ. ಶರ್ಟುಗಳನ್ನು ಬಿಚ್ಚುವಾಗ ಒಂದರ ಕಿಸೆಯಿಂದ ಬಸ್ ಟಿಕೆಟ್ ಬಿತ್ತು. ಅದರ ಹಿಂದೆ ಪೆನ್ಸಿಲ್ಲಿನಲ್ಲಿ 7.56 ಎಂದು ಬರೆದು, ಕೆಳಗೆ 3.90 ಕಳೆದು, 3.66 ಎಂದು ಎರಡು ಗೆರೆ ಎಳೆದಿದ್ದರು: ಕಳಸಾ ಬಂಡೂರಿಗೆ ಕೇಳಿದ್ದು, ಕೊಟ್ಟದ್ದು, ಉಳಿದದ್ದು. ಕಡೆಯ ತೇಪೆಯ ಕೆಳಗೆ ಅಜ್ಜಿ ರೂಢಿಯಂತೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವಾಗ, ಈ ಚೀಟಿಯನ್ನೂ ಇಡಬಹುದೇ ಎಂದು ಕೇಳಿದೆ. ಮೊದಲ ಒಗೆತಕ್ಕೇ ಕಾಗದ ಮುದ್ದೆಯಾಗುತ್ತದೆಂದು ನಕ್ಕರು. ಕೂಲಿಯ ಜೊತೆ ಒಂದು ಸೀರೆ ಕೊಡಹೋದರೆ ಸೀರೆಯನ್ನು ಒಲ್ಲೆನೆಂದರು. ಅಜ್ಜಿ, ನೀವು ಓದಲಾರಿರಿ, ಮೊಮ್ಮಗಳು ಓದಿ ಹೇಳಲಿ: ನಿಮ್ಮ ಉಪಕಾರ ದೊಡ್ಡದು.

ಪುಣ್ಯಸ್ಮರಣೆಗೆ ಧರಣಿಯ ಗೆಳೆಯರು ಎರಡು ವಾಹನ ಮಾಡಿಕೊಂಡು ಬಂದು, ಫೋಟೋಕ್ಕೆ ಹೊಸ ಹಸಿರು ಶಾಲು ಹೊದಿಸಿದರು. ಭಾಷಣ ಮಾಡದೆ, ಉಂಡು, ಅವ್ವನ ಕೌದಿಯನ್ನು ಮುಟ್ಟಿ ನೋಡಿ ಹೋದ ಅವರೆಲ್ಲರಿಗೂ ನಮ್ಮ ಮನೆಯವರ ನಮಸ್ಕಾರಗಳು.

ಕೌದಿಯನ್ನು ಈಗ ಅವ್ವ ಹೊದೆಯುತ್ತಾಳೆ. ಚೀಟಿ ಹಳೆಯ ಶಾಲಿನ ಮಡಿಕೆಯಲ್ಲಿದೆ. ಬರುವ ಜುಲೈ 21ರ ರೈತ ಹುತಾತ್ಮ ದಿನಕ್ಕೆ ನರಗುಂದಕ್ಕೆ ಹೊದ್ದು ಹೋಗುತ್ತೇನೆಂದು ತಮ್ಮ ಆ ಶಾಲನ್ನು ಕೇಳಿದ್ದಾನೆ. ಚೀಟಿ ತೆಗೆದಿಟ್ಟು ಕೊಡುತ್ತೇನೆ, ಸಂಜೆಗೆ ತಂದುಕೊಡಬೇಕೆಂದು ಹೇಳಿದ್ದೇನೆ.