ನೀರು ಕಂಡ ತೋಟಾ, ನೀರು ಕಂಡ ಪಿಸ್ತೂಲು

ಪ್ರೀತಿಯ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಹೊಳೆ ದಾಟುವಾಗ ಜಾರಿ ಬಿದ್ದೆ ಎಂದು ಓದಿ ಎದೆ ಧಸಕ್ಕೆಂದಿತು. ಪೆಟ್ಟಾಗಿಲ್ಲವಲ್ಲ, ಅದೇ ದೊಡ್ಡ ಸಮಾಧಾನ. ಸೊಂಟದ ಪಿಸ್ತೂಲೂ ನಿನ್ನ ಜೊತೆಗೇ ಮುಳುಗಿ ಎದ್ದಿದೆ. ತೋಟಾಗಳನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ಮ್ಯಾಗಜಿನ್‌ಗೆ ತುಂಬಿದ್ದೇನೆ, ಇನ್ನೇನೂ ತೊಂದರೆ ಇಲ್ಲ ಅಲ್ವಾ ಎಂದು ಕೇಳಿದ್ದೀಯ. ತೊಂದರೆ ಇದೆ ಮಗು. ಮೊದಲು ಮ್ಯಾಗಜಿನ್ ತೆಗೆ, ಆಮೇಲೆ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಎಳೆದು ನಳಿಗೆಯ ಬುಡದ ಚೇಂಬರ್‌ನಲ್ಲಿರುವುದನ್ನೂ ತೆಗೆ. ಎಲ್ಲವನ್ನೂ ಬೇರೆ ಇಟ್ಟು ಬಂದು ಮುಂದಕ್ಕೆ ಓದು.

ನಿನ್ನ ನಂಬಿಕೆಯಲ್ಲಿ ಅರ್ಧ ನಿಜವಿದೆ. ಈಗಿನ ತೋಟಾ ಸುಲಭಕ್ಕೆ ನೀರು ಕುಡಿಯುವುದಿಲ್ಲ. ಹಿತ್ತಾಳೆಯ ಕವಚ ಗುಂಡನ್ನು ಬಿಗಿಯಾಗಿ ಹಿಡಿದಿರುತ್ತದೆ. ತಳದಲ್ಲಿ ಕೇಪು, ಅಂದರೆ ಪ್ರೈಮರ್, ತನ್ನ ಕುಳಿಯಲ್ಲಿ ಒತ್ತಿ ಕೂತಿರುತ್ತದೆ. ನೀರು ಒಳಗೆ ಹೋಗಬೇಕಾದರೆ ಒಂದೋ ಕೇಪಿನ ಅಂಚಿನಿಂದ, ಇಲ್ಲವೇ ಗುಂಡು ಕೂತಿರುವ ಬಾಯಿಯಿಂದ ಹೋಗಬೇಕು. ಸೈನ್ಯಕ್ಕೆಂದು ಮಾಡುವ ತೋಟಾಗಳಲ್ಲಿ ಸಾಮಾನ್ಯವಾಗಿ ಈ ಎರಡೂ ಕಡೆ ಲೇಪ ಹಾಕಿ ಮುಚ್ಚಿರುತ್ತಾರೆ. ಕೇಪಿನ ಸುತ್ತ ಅರಗಿನಂಥ ಬಣ್ಣದ ಗೆರೆ ಕಾಣುತ್ತದೆ. ಬಾಯಿಯ ಒಳಗೆ ಡಾಂಬರಿನಂಥ ಕಪ್ಪು ಲೇಪ ಇರುತ್ತದೆ. ಆತ್ಮರಕ್ಷಣೆಗೆಂದು ಮಾರುವ ಕೆಲವು ತೋಟಾಗಳಲ್ಲೂ ಇದು ಉಂಟು. ಗುರಿ ಅಭ್ಯಾಸಕ್ಕೆ ಕೊಳ್ಳುವ ಅಗ್ಗದ ತೋಟಾಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಿದ್ದರೂ ಒಂದು ರಾತ್ರಿ ನೀರಿನಲ್ಲಿಟ್ಟ ತೋಟಾ ಎಷ್ಟೋ ಸಲ ಸರಿಯಾಗಿಯೇ ಹಾರುತ್ತದೆ. ಅದನ್ನು ಕಂಡವರು ನೀರಿನಿಂದ ಏನೂ ಆಗಲ್ಲ ಎಂದು ಬಿಡುತ್ತಾರೆ. ಜೀವ ಉಳಿಸಿಕೊಳ್ಳಲೆಂದು ಸೊಂಟಕ್ಕೆ ಕಟ್ಟಿಕೊಂಡಿರುವ ವಸ್ತುವಿನ ವಿಷಯದಲ್ಲಿ 'ಎಷ್ಟೋ ಸಲ' ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ನಿನ್ನ ಹತ್ತಿರ .22 ರೈಫಲ್ ಕೂಡ ಇದೆಯಲ್ಲ, ಅದರ ತೋಟಾ ಇನ್ನೂ ಸೂಕ್ಷ್ಮ. ಅದಕ್ಕೆ ಬೇರೆ ಕೇಪು ಇಲ್ಲ. ಸಿಡಿಯುವ ಮದ್ದು ತಳದ ಅಂಚಿನೊಳಗೇ ಇರುತ್ತದೆ. ಗುಂಡಿನ ಹಿಡಿತವೂ ಅಷ್ಟು ಬಿಗಿಯಲ್ಲ. ಚರೆ ಹಾರಿಸುವ ಕೋವಿಯ ಹಳೇ ಕಾಲದ ಕಾಗದದ ತೋಟಾಗಳಂತೂ ನೀರು ತಾಗಿದರೆ ಉಬ್ಬಿಕೊಂಡು ಕೋವಿಯೊಳಗೆ ಇಳಿಯುತ್ತಲೇ ಇರಲಿಲ್ಲ. 1960ರಲ್ಲಿ ರೆಮಿಂಗ್ಟನ್ ಕಂಪನಿ ಪ್ಲಾಸ್ಟಿಕ್ ತೋಟಾ ತಂದ ಮೇಲೆ ಆ ಕಾಟ ಕಡಿಮೆಯಾಯಿತು. ಆದರೂ ಬಾಯಿಯ ಮಡಿಕೆಯಿಂದ ನೀರು ಇಳಿಯುವುದು ನಿಂತಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೆನೆದ ತೋಟಾ ಹಾರದೇ ಹೋದರೆ ಏನು ಮಹಾ ಎಂದು ನಿನಗೆ ಅನ್ನಿಸಬಹುದು. ಹಾರದೇ ಇದ್ದರೆ ಅದು ಒಂದು ಲೆಕ್ಕ. ನನಗೆ ಭಯ ಇರುವುದು ಅರ್ಧ ಹಾರುವ ತೋಟಾದ ಬಗ್ಗೆ. ಕೇಪು ಸಿಡಿಯುತ್ತದೆ, ಒಳಗಿನ ಮದ್ದಿನಪುಡಿ ಒದ್ದೆಯಾಗಿ ಸರಿಯಾಗಿ ಉರಿಯುವುದಿಲ್ಲ. ಗುಂಡು ಕವಚ ಬಿಟ್ಟು ಹೊರಡುತ್ತದೆ, ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಹೊರಗಿನವರಿಗೆ ಕೇಳುವುದು ಸಣ್ಣ 'ಟಪ್' ಅನ್ನುವ ಸದ್ದು ಮಾತ್ರ. ಗಾಬರಿಯಲ್ಲಿ ಸ್ಲೈಡ್ ಎಳೆದು ಇನ್ನೊಂದು ಗುಂಡು ಹಾರಿಸಿದೆಯೋ, ಅದು ಸಿಕ್ಕಿಕೊಂಡ ಗುಂಡಿಗೆ ಬಡಿದು ನಳಿಗೆ ಉಬ್ಬಬಹುದು, ಸೀಳಲೂಬಹುದು. ನಿನ್ನ ಕೈಬೆರಳು, ಪಕ್ಕದಲ್ಲಿ ನಿಂತವರ ಕಣ್ಣು ಎರಡಕ್ಕೂ ಅಪಾಯ. ಸದ್ದು ಅಥವಾ ಒದೆತ ಎಂದಿನಂತೆ ಇಲ್ಲ ಎನ್ನಿಸಿದ ಕೂಡಲೇ ನಿಲ್ಲಿಸಬೇಕು. ಖಾಲಿ ಮಾಡಿ, ಬಿಚ್ಚಿ, ನಳಿಗೆ ತೆರವಾಗಿದೆಯೇ ಎಂದು ಚೇಂಬರ್ ಕಡೆಯಿಂದ ನೋಡಬೇಕು. ಟ್ರಿಗರ್ ಎಳೆದರೂ ಏನೂ ಆಗಲಿಲ್ಲ ಎಂದರೆ ಅವಸರದಲ್ಲಿ ಸ್ಲೈಡ್ ಎಳೆಯಬೇಡ. ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಕೆಲವು ತೋಟಾ ತಡೆದು ಹಾರುತ್ತವೆ.

ಒಣಗಿಸಿದರೆ ಸರಿಹೋಗುತ್ತದಲ್ಲ ಎಂದು ನೀನು ಕೇಳಿಯೇ ಕೇಳುತ್ತೀಯ. ಈಗಿನ ತೋಟಾಗಳೊಳಗಿನ ಹೊಗೆರಹಿತ ಮದ್ದು ನೀರಿನಲ್ಲಿ ಕರಗುವುದಿಲ್ಲ, ಒಣಗಿದರೆ ಮತ್ತೆ ಉರಿಯಬಲ್ಲದು, ಅದು ನಿಜ. ಆದರೆ ಮುಚ್ಚಿದ ಕವಚದೊಳಗೆ ಸೇರಿದ ತೇವ ಹೊರಗೆ ಬರಲು ದಾರಿ ಎಲ್ಲಿದೆ? ಎಷ್ಟು ಸೇರಿದೆ, ಎಷ್ಟು ಹೋಗಿದೆ ಎಂದು ಹೊರಗಿನಿಂದ ನೋಡಿ ಹೇಳುವ ಉಪಾಯವಿಲ್ಲ. ತೋಟಾಗಳನ್ನು ಬಿಸಿಲಿಗೆ ಹರಡುವುದು, ಒಲೆಯ ಹತ್ತಿರ ಇಡುವುದು ಬೇಡವೇ ಬೇಡ. ಅಮೆರಿಕದಲ್ಲಿ ಬಂದೂಕು ಮತ್ತು ತೋಟಾ ತಯಾರಕರ ಸಂಸ್ಥೆಯೊಂದು 1926ರಿಂದ ಇದೆ, ಸಾಮಿ ಎಂದು ಕರೆಯುತ್ತಾರೆ. ನೆರೆನೀರಿನಲ್ಲಿ ಮುಳುಗಿದ ತೋಟಾಗಳನ್ನು ಬಳಸಬೇಡಿ ಎಂದೇ ಅವರ ಸಲಹೆ. ತೋಟಾ ಮಾಡುವವರೇ ಹೀಗೆ ಹೇಳುವಾಗ ನಾವು ನಾಲ್ಕು ಕಾಸು ಉಳಿಸಲು ಹೋಗುವುದು ಯಾಕೆ? ಅಂಗಿಯ ಜೇಬಿನಲ್ಲಿ ಉಳಿದು ವಾಷಿಂಗ್ ಮೆಷಿನ್‌ನಲ್ಲಿ ತಿರುಗಿ ಬಂದ ತೋಟಾಕ್ಕೂ ಇದೇ ಮಾತು. ಸೋಪಿನ ನೀರು ಸಂದಿಗಳಿಗೆ ಇನ್ನೂ ಸಲೀಸಾಗಿ ನುಗ್ಗುತ್ತದೆ.

ಇನ್ನು ಪಿಸ್ತೂಲು. ನಳಿಗೆಯಲ್ಲಿ ನಿಂತ ನೀರೂ ಒಂದು ಅಡ್ಡಿಯೇ. ಖಾಲಿ ಮಾಡಿ, ಸ್ಲೈಡ್ ತೆರೆದು, ನಳಿಗೆಯ ಬಾಯಿ ಕೆಳಗೆ ಮಾಡಿ ನೀರು ಇಳಿಸಬೇಕು. ನಳಿಗೆಯ ತೂತು ಸಣ್ಣದಿರುವ ರೈಫಲ್‌ನಲ್ಲಿ ನೀರು ತಾನಾಗಿ ಇಳಿಯದೆ ಒಳಗೇ ಅಂಟಿ ನಿಲ್ಲುತ್ತದೆ. ಹಿಂದಿನಿಂದ ಗಾಳಿ ಸೇರಿದರೆ ಮಾತ್ರ ಹೊರಡುತ್ತದೆ. ಪಿಸ್ತೂಲಿನಲ್ಲಿ ಸ್ಟ್ರೈಕರ್, ಅಂದರೆ ಕೇಪಿಗೆ ಹೊಡೆಯುವ ಮುಳ್ಳು, ಓಡುವ ಕೊಳವೆಯನ್ನು ಜನ ಮರೆಯುತ್ತಾರೆ. ಅಲ್ಲಿ ನೀರು ತುಂಬಿದರೆ ಸ್ಟ್ರೈಕರ್‌ನ ಹೊಡೆತ ಮೆತ್ತಗಾಗುತ್ತದೆ. ನೀರಿನಲ್ಲಿ ಕೆಲಸ ಮಾಡುವವರಿಗೆಂದು ಗ್ಲಾಕ್ ಕಂಪನಿಯ ಪಿಸ್ತೂಲಿಗೆ ಬೇರೆ ಆಕಾರದ ಸ್ಪ್ರಿಂಗ್ ಕಪ್‌ಗಳು ಇರುವುದು, ನೀರು ಪಕ್ಕಕ್ಕೆ ಸರಿದು ಹೋಗಲಿ ಎಂದೇ. ಆ ಕೊಳವೆಯನ್ನು ಒಣಗಿಸು, ಎಣ್ಣೆ ಮಾತ್ರ ಬಿಡಬೇಡ. ಎಣ್ಣೆಯೂ ಹೊಡೆತವನ್ನು ತಡೆಯುತ್ತದೆ, ಸೋರಿ ಬಂದು ಕೇಪಿಗೂ ಇಳಿಯುತ್ತದೆ. ತೆಳು ಎಣ್ಣೆ ನೀರಿಗಿಂತ ಚೆನ್ನಾಗಿ ಸಂದಿಗಳಲ್ಲಿ ಹರಿಯುತ್ತದೆ, ಹಾಗಾಗಿ ತೋಟಾಗಳಿಗೆ ಎಣ್ಣೆ ಒರೆಸುವ ಅಭ್ಯಾಸವೂ ಬೇಡ.

ನೀನು ಬಿದ್ದದ್ದು ಸಿಹಿನೀರು. ಉಪ್ಪುನೀರಾಗಿದ್ದರೆ ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದುಬಿಡು ಎನ್ನುತ್ತಿದ್ದೆ. ನೀರಿಗೆ ಬಿದ್ದ ಪಿಸ್ತೂಲನ್ನು ಮತ್ತೆ ನೀರಿನಲ್ಲಿ ತೊಳೆಯುವುದೇ ಎಂದು ಹಿಂಜರಿಯಬಾರದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲೇ ಕರಗಬೇಕು. ಆಮೇಲೆ ಬಿಚ್ಚಿ, ಒರೆಸಿ, ಒಣಗಿಸಿ, ತೆಳ್ಳಗೆ ಎಣ್ಣೆ ಸವರಬೇಕು. ಸ್ಟೇನ್‌ಲೆಸ್ ಸ್ಟೀಲ್ ಎಂದು ಮೈಮರೆಯಬೇಡ, ಅದಕ್ಕೂ ತುಕ್ಕು ಬರುತ್ತದೆ, ತಡವಾಗಿ ಅಷ್ಟೇ. ಹಿಡಿ ಪ್ಲಾಸ್ಟಿಕ್ ಆದರೂ ಅದರೊಳಗಿನ ಪಿನ್ನು, ಸ್ಪ್ರಿಂಗ್ ಉಕ್ಕಿನವೇ. ಮ್ಯಾಗಜಿನ್‌ನ ತಳ ಬಿಚ್ಚಿ ಸ್ಪ್ರಿಂಗ್ ಹೊರಗೆ ತೆಗೆದು ಒರೆಸಿದ್ದೀಯಾ? ನಿನ್ನ ಪತ್ರದಲ್ಲಿ ಆ ಮಾತೇ ಇಲ್ಲ.

ಹೊಳೆಗೆ ಬೀಳುವುದು ಎಂದೋ ಒಂದು ಸಲ. ಬೆವರು ದಿನಾಲೂ ಇರುತ್ತದೆ. ಮೈಗೆ ತಾಗಿಸಿ ಇಟ್ಟುಕೊಂಡ ಪಿಸ್ತೂಲಿಗೆ ಪ್ರತಿದಿನ ಸ್ವಲ್ಪ ಸ್ವಲ್ಪ ಉಪ್ಪುನೀರು ಕುಡಿಸಿದ ಹಾಗೆ ಅದು. ಗುರಿ ನೋಡುವ ಹಿಂದಿನ ಸೈಟಿನ ಬುಡ, ಸ್ಲೈಡ್‌ನ ಒಳ ಅಂಚು, ಮೈಗೆ ತಾಗುವ ಸ್ಕ್ರೂಗಳ ತಲೆ, ಈ ಜಾಗಗಳಲ್ಲೇ ಕೆಂಪು ಚುಕ್ಕೆ ಮೊದಲು ಕಾಣುವುದು. ವಾರಕ್ಕೊಮ್ಮೆ ನೋಡು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ರಾತ್ರಿ ಚರ್ಮದ ಹೋಲ್‌ಸ್ಟರ್‌ನಲ್ಲೇ ಬಿಟ್ಟು ಮಲಗಬೇಡ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡುವಾಗ ಹಾಕಿದ ರಾಸಾಯನಿಕಗಳೂ ಅದರಲ್ಲಿ ಉಳಿದಿರುತ್ತವೆ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟ ತೋಟಾಗಳಿಗೆ ಹಸಿರು ಕಿಲುಬು ಹತ್ತುವುದು ಇದರಿಂದಲೇ. ತಣ್ಣನೆಯ ಕೋಣೆಯಿಂದ ಸೆಕೆಯ ಹೊರಗೆ ಬಂದಾಗಲೂ ಲೋಹದ ಮೇಲೆ ನೀರು ಕೂರುತ್ತದೆ, ಅದನ್ನೂ ಒರೆಸಬೇಕು.

ಕಿಲುಬು ತೆಗೆಯಲು ಹಿತ್ತಾಳೆ ಪಾಲಿಶ್ ಹಚ್ಚಬೇಡ. ಅದರಲ್ಲಿ ಅಮೋನಿಯಾ ಇದ್ದರೆ ಕವಚವೇ ಕೆಡುತ್ತದೆ. ಹಿಂದೆ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಆಮೇಲೆ ತೆಗೆದು ನೋಡಿದರೆ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಯಾಕೆ ಎಂದು ಸರಿಯಾಗಿ ತಿಳಿದದ್ದು 1921ರಲ್ಲಿ. ಕುದುರೆ ಮೂತ್ರದ ಅಮೋನಿಯಾ, ಗಾಳಿಯ ತೇವ, ಕವಚ ಮಾಡುವಾಗ ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತ, ಮೂರೂ ಸೇರಿ ಆ ಕೆಲಸ ಮಾಡಿದ್ದವು. ಕಿಲುಬು ಗಟ್ಟಿಯಾಗಿ ಹಿಡಿದಿದ್ದರೆ ಆ ತೋಟಾವನ್ನೇ ಬಿಟ್ಟುಬಿಡು.

ನೀನು ತೆಗೆದಿಟ್ಟ ಆ ತೋಟಾಗಳು ನೆನೆದಿವೆ, ಸತ್ತಿವೆ ಎಂದುಕೊಳ್ಳಬೇಡ. ಕಾರ್ಖಾನೆಯಲ್ಲಿ ಕೇಪಿನ ಮದ್ದನ್ನು ಒದ್ದೆಯಾಗಿಟ್ಟುಕೊಂಡೇ ತುಂಬುತ್ತಾರೆ, ಒದ್ದೆಯಿದ್ದಾಗ ಅದು ಸುಲಭಕ್ಕೆ ಸಿಡಿಯುವುದಿಲ್ಲ. ಒಣಗಿದ ಮೇಲೆ ಪೂರ್ತಿ ಜೀವ ಬರುತ್ತದೆ. ನಿನ್ನ ತೋಟಾಗಳಲ್ಲೂ ಅದೇ ಆಗಬಹುದು. ಕಸದ ಬುಟ್ಟಿಗೆ ಹಾಕುವುದು, ಸುಡುವುದು, ಮಣ್ಣಿನಲ್ಲಿ ಹೂಳುವುದು ಯಾವುದೂ ಬೇಡ. ಒಂದು ಡಬ್ಬಿಗೆ ಹಾಕಿ, ಮೇಲೆ 'ನೆನೆದದ್ದು, ಬಳಸಬಾರದು' ಎಂದು ಬರೆದು, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡು. ಲೈಸೆನ್ಸ್ ಇರುವ ಮಾರಾಟಗಾರರ ಬಳಿ ಅಥವಾ ಪೊಲೀಸರ ಬಳಿ ಕೇಳಿ, ಅವರು ಹೇಳಿದಂತೆ ಒಪ್ಪಿಸಿಬಿಡು. ಹೊಸ ತೋಟಾ ಕೊಳ್ಳುವಾಗ ಕೇಪಿಗೂ ಬಾಯಿಗೂ ಲೇಪ ಇರುವುದನ್ನೇ ಕೇಳಿ ತೆಗೆದುಕೋ. ಮ್ಯಾಗಜಿನ್ ಸ್ಪ್ರಿಂಗ್ ಹೇಗಿದೆ ಎಂದು ಈ ವಾರವೇ ಬರೆದು ತಿಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ